ಸ್ಟಿಕ್ಕರ್ ರಂಗೋಲಿಗೆ ಸೂತಕ ಗೊತ್ತಿಲ್ಲ

ಪ್ರತಿ ವರ್ಷ ಜನವರಿಯ ಒಂದು ಭಾನುವಾರ ಬೆಂಗಳೂರಿನ ಕುಮಾರಕೃಪಾ ರಸ್ತೆಯಲ್ಲಿ ಗಾಡಿಗಳು ಓಡಾಡಲ್ಲ. ಅವತ್ತು ಚಿತ್ರಸಂತೆ. ಕರ್ನಾಟಕ ಚಿತ್ರಕಲಾ ಪರಿಷತ್ತು ಎರಡು ದಶಕಗಳಿಂದ ನಡೆಸಿಕೊಂಡು ಬಂದಿರುವ ಈ ಸಂತೆಗೆ ದೇಶದ ಬೇರೆ ಬೇರೆ ಕಡೆಯಿಂದ ಕಲಾವಿದರು ಬಂದು, ಫುಟ್‌ಪಾತಿನುದ್ದಕ್ಕೂ ಚಿತ್ರಗಳನ್ನು ಒರಗಿಸಿಟ್ಟು ಕೂತಿರುತ್ತಾರೆ. ಜನವೋ ಜನ. ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡವರು, ಕಡಲೆಕಾಯಿ ತಿನ್ನುತ್ತಾ ನಡೆಯುವವರು, ಸೆಲ್ಫಿಗೆಂದೇ ಬಂದವರು, ನಿಜವಾಗಿ ಕೊಳ್ಳಲು ಬಂದವರು, ಎಲ್ಲರೂ ಇರ್ತಾರೆ.

ಅಲ್ಲಿ ಅರ್ಧ ಗಂಟೆ ಸುಮ್ಮನೆ ನಿಂತು ಕೇಳಿಸಿಕೊಂಡರೆ ಒಂದು ಮಾತು ಪದೇ ಪದೇ ಕಿವಿಗೆ ಬೀಳುತ್ತೆ: “ಚೆನ್ನಾಗಿದೆ, ಆದ್ರೆ ನಂಗೆ ಈ ಆರ್ಟ್ ಗೀರ್ಟ್ ಎಲ್ಲ ಅಷ್ಟು ಅರ್ಥ ಆಗಲ್ಲಪ್ಪ.”

ಈ ಮಾತು ಹೇಳುವವರು ದಡ್ಡರೇನಲ್ಲ. ಡಾಕ್ಟರು, ಬ್ಯಾಂಕಿನವರು, ನಮ್ಮ ಹಾಗೆ ಸಾಫ್ಟ್‌ವೇರ್‌ನವರು. ಸಂಗೀತ ಕಚೇರಿಗೆ ಹೋದರೂ, ರಂಗಶಂಕರದಲ್ಲಿ ನಾಟಕ ನೋಡಿ ಹೊರಗೆ ಬಂದರೂ ಇದೇ ಮಾತು, ಇದೇ ಸಣ್ಣ ಸಂಕೋಚ. ಪರೀಕ್ಷೆ ಬರೆದು ಹೊರಗೆ ಬಂದವರ ಮುಖದಲ್ಲಿ ಇರುತ್ತಲ್ಲ, ಅಂಥದ್ದು. ಹೋಟೆಲಿನಲ್ಲಿ ಬಿಸಿಬೇಳೆಬಾತ್ ತಿಂದು “ನಂಗೆ ಅಡುಗೆ ಅರ್ಥ ಆಗಲ್ಲ” ಅಂತ ಯಾರೂ ಕ್ಷಮೆ ಕೇಳಲ್ಲ. ಕಲೆಯ ವಿಷಯದಲ್ಲಿ ಮಾತ್ರ ನಾವು ಮೊದಲೇ ಫೇಲಾದವರ ಹಾಗೆ ನಿಲ್ತೀವಿ.

ನನಗನ್ನಿಸುವುದು, ಪ್ರಶ್ನೆಪತ್ರಿಕೆಯೇ ತಪ್ಪಾಗಿದೆ. ನಮ್ಮ ಮನೆಗಳಲ್ಲಿ, ಊರುಗಳಲ್ಲಿ ಕಲೆಯನ್ನು ಯಾರೂ “ಅರ್ಥ” ಮಾಡಿಕೊಳ್ಳುತ್ತಾ ಕೂರಲಿಲ್ಲ. ಬಳಸಿದರು. ಒಂದು ಕೆಲಸಕ್ಕೆ, ಒಂದು ಸಂದರ್ಭಕ್ಕೆ, ಬರೀ ಮಾತು ಅಥವಾ ಬರೀ ದುಡ್ಡು ಸಾಲದ ಕಡೆ ಬಳಸಿದರು. ಆದ್ದರಿಂದ ಕೇಳಬೇಕಾದ ಪ್ರಶ್ನೆ “ಇದರ ಅರ್ಥ ಏನು?” ಅಂತಲ್ಲ, “ಇದು ಯಾವುದಕ್ಕೆ ಬೇಕಾಯ್ತು?” ಅಂತ. ಮೂರ್ನಾಲ್ಕು ಉದಾಹರಣೆ ಕೊಡ್ತೀನಿ, ನೀವೇ ನೋಡಿ.

ಬಾಗಿಲ ಮುಂದಿನ ಸುದ್ದಿ

ಮೊದಲನೆಯದು ತೀರಾ ಕಣ್ಣೆದುರಿಗೇ ಇರುವುದು: ರಂಗೋಲಿ. ಬೆಳಿಗ್ಗೆ ಎದ್ದು ಬಾಗಿಲು ಗುಡಿಸಿ, ನೀರು ಹಾಕಿ, ಚುಕ್ಕಿ ಇಟ್ಟು ಎಳೆ ಎಳೆಯುವುದು. ಏಳರಿಂದ ಒಂದು, ಹನ್ನೊಂದರಿಂದ ಆರು, ಹೀಗೆ ಲೆಕ್ಕ. ಸಾಲು ನೇರ ಬಂದರೆ ಒಂದು ಆಕಾರ, ಒಂದು ಸಾಲು ಬಿಟ್ಟು ಒಂದು ಇಟ್ಟರೆ ಇನ್ನೊಂದು. ಚುಕ್ಕಿಗಳ ಸುತ್ತ ಒಂದೇ ಗೆರೆ ಬಳಸಿ ಬಳಸಿ ಹೊರಟಲ್ಲಿಗೇ ಬಂದು ಸೇರುತ್ತೆ.

ಇದರಲ್ಲಿ ಎಷ್ಟು ಗಣಿತ ಇದೆ ಅಂದರೆ, 1970ರ ದಶಕದಲ್ಲಿ ಚೆನ್ನೈನಲ್ಲಿ ಗಿಫ್ಟ್ ಸಿರೋಮನಿ, ರಾಣಿ ಸಿರೋಮನಿ, ಕಮಲಾ ಕೃತಿವಾಸನ್ ಎಂಬ ವಿದ್ವಾಂಸರು ತಮಿಳುನಾಡಿನ ಕೋಲಂಗಳನ್ನು ಮುಂದಿಟ್ಟುಕೊಂಡು ಕಂಪ್ಯೂಟರ್ ಸೈನ್ಸಿನ ಸಂಶೋಧನಾ ಪ್ರಬಂಧಗಳನ್ನೇ ಬರೆದರು. ಚಿತ್ರವನ್ನೂ ಭಾಷೆಯ ಹಾಗೆ ವ್ಯಾಕರಣದ ನಿಯಮಗಳಿಂದ ಕಟ್ಟಬಹುದು ಎನ್ನುವ ಥಿಯರಿಗೆ ಬಾಗಿಲ ಮುಂದಿನ ಕೋಲ ಉದಾಹರಣೆಯಾಯಿತು. ಆದರೆ ಹಾಕಿದ ಹೆಂಗಸರಿಗೆ ಯಾರೂ ಗಣಿತಜ್ಞೆ ಅನ್ನಲಿಲ್ಲ, ಕಲಾವಿದೆ ಅಂತಲೂ ಅನ್ನಲಿಲ್ಲ. “ಬಾಗಿಲಿಗೆ ನೀರು ಹಾಕಿದ್ಯಾ?” ಅಂತ ಕೇಳಿದರು, ಅಷ್ಟೇ.

ಹಾಗಾದರೆ ರಂಗೋಲಿ ಯಾವುದಕ್ಕೆ? ಚಂದಕ್ಕೆ, ಶುಭಕ್ಕೆ, ಲಕ್ಷ್ಮಿ ಬರಲಿ ಅಂತ, ಇವೆಲ್ಲ ಸರಿ. ಜೊತೆಗೆ ಅದು ಸುದ್ದಿಯೂ ಹೌದು. ಈ ಮನೆ ಎದ್ದಿದೆ, ಮನೆಯವರು ಚೆನ್ನಾಗಿದ್ದಾರೆ ಅಂತ ಬೀದಿಗೆ ಹೇಳುವ ಸುದ್ದಿ. ಹಬ್ಬದ ದಿನ ದೊಡ್ಡದಾಗುತ್ತೆ, ಬಣ್ಣ ಬರುತ್ತೆ. ಮಗಳು ಬಾಣಂತನಕ್ಕೆ ಬಂದಿದ್ದರೆ ಹಾಕುವ ಕೈ ಬದಲಾಗಿದ್ದು ಎದುರುಮನೆಯವರಿಗೆ ಎಳೆ ನೋಡಿಯೇ ಗೊತ್ತಾಗುತ್ತೆ. ಸಾವಾದ ಮನೆಯ ಮುಂದೆ ರಂಗೋಲಿ ಇರಲ್ಲ. ತಿಥಿಯ ದಿನವೂ ಎಷ್ಟೋ ಮನೆಗಳಲ್ಲಿ ಕಾರ್ಯ ಮುಗಿಯುವವರೆಗೆ ಹಾಕಲ್ಲ. ಖಾಲಿ ಅಂಗಳ ನೋಡಿದವರು ದನಿ ತಗ್ಗಿಸಿ ಒಳಗೆ ಬರ್ತಾರೆ. ಯಾರಿಗೂ ಯಾರೂ ಹೇಳಬೇಕಾಗಿಲ್ಲ.

ಈಗ ನಮ್ಮ ಅಪಾರ್ಟ್‌ಮೆಂಟುಗಳಿಗೆ ಬನ್ನಿ. ಟೈಲ್ಸ್ ನೆಲ, ಕಾರಿಡಾರಿನಲ್ಲಿ ನೀರು ಹಾಕುವ ಹಾಗಿಲ್ಲ, ಬೆಳಿಗ್ಗೆ ಎಂಟಕ್ಕೆ ಸ್ಟ್ಯಾಂಡಪ್ ಕಾಲ್. ಹಾಗಾಗಿ ಸ್ಟಿಕ್ಕರ್ ರಂಗೋಲಿ. ನಾನು ಇದನ್ನು ಆಡಿಕೊಳ್ಳಲ್ಲ, ಬೇರೆ ದಾರಿ ಇಲ್ಲದೆಯೇ ಜನ ಅಂಟಿಸೋದು. ಆದರೆ ಒಂದು ವಿಷಯ ನನ್ನ ತಲೆಯಲ್ಲಿ ಕೂತುಬಿಟ್ಟಿದೆ. ನಾನು ಬಾಡಿಗೆಗಿದ್ದ ಕಟ್ಟಡದಲ್ಲಿ, ನಮ್ಮದೇ ಮಹಡಿಯಲ್ಲಿ, ಒಬ್ಬರು ಹಿರಿಯರು ತೀರಿಕೊಂಡರು. ಆಸ್ಪತ್ರೆಯಲ್ಲೇ ಹೋದದ್ದು, ಅಲ್ಲಿಂದಲೇ ಊರಿಗೆ ಕರೆದುಕೊಂಡು ಹೋದರು. ಮನೆಯವರು ವಾಪಸ್ ಬಂದು ಎರಡು ದಿನ ಆಗಿತ್ತು. ನಾವೆಲ್ಲ ಆ ಬಾಗಿಲ ಮುಂದೆಯೇ ಲಿಫ್ಟಿಗೆ ಕಾಯುತ್ತಾ, ಫೋನಲ್ಲಿ ನಗುತ್ತಾ ಮಾತಾಡುತ್ತಾ ಓಡಾಡ್ತಿದ್ದೆವು. ಬಾಗಿಲ ಮುಂದೆ ಎಂದಿನ ಕೆಂಪು-ಬಿಳಿ ಕಮಲದ ಸ್ಟಿಕ್ಕರ್ ಹಾಗೇ ಹೊಳೀತಾ ಇತ್ತು. ಮೂರನೇ ದಿನ ವಾಟ್ಸ್ಆ್ಯಪ್ ಗ್ರೂಪಿನಲ್ಲಿ, ನೀರಿನ ಟ್ಯಾಂಕರಿನ ಮೆಸೇಜು ಮತ್ತು ಪಾರ್ಕಿಂಗ್ ಜಗಳದ ನಡುವೆ, ಸುದ್ದಿ ಬಂತು.

ಸ್ಟಿಕ್ಕರ್ ರಂಗೋಲಿ ನೋಡೋಕೆ ನಮ್ಮ ಕೈಗಿಂತ ಅಚ್ಚುಕಟ್ಟು, ಎಳೆ ಎಲ್ಲೂ ಸೊಟ್ಟ ಇಲ್ಲ. ಆದರೆ ಅದಕ್ಕೆ ಸೂತಕ ಗೊತ್ತಿಲ್ಲ. ಅಳಿಸಿ ಹೋಗುವ ರಂಗೋಲಿಗೆ ಇದ್ದ ಶಕ್ತಿ ಅದು ಇವತ್ತು ಒಂದು ಕೈ ಹಾಕಿದ್ದು ಅನ್ನುವುದರಲ್ಲಿತ್ತು. ಹಾಕದೇ ಇರಬಹುದಾದದ್ದನ್ನು ಹಾಕಿದಾಗಲೇ ಅದು ಮಾತಾಗೋದು.

ಎಣಿಸಿದ ಎಳೆಗಳು

ಎರಡನೆಯದು ನಮ್ಮ ಕಡೆಯದು. ಧಾರವಾಡದ ಕಸೂತಿ. ನನ್ನ ಚಿಗವ್ವ, ಅಂದರೆ ಅವ್ವನ ತಂಗಿ, ಕಸೂತಿ ಹಾಕುತ್ತಾಳೆ. ಕಸೂತಿಯಲ್ಲಿ ಬಟ್ಟೆಯ ಮೇಲೆ ಪೆನ್ಸಿಲಿನಿಂದ ಗುರುತು ಹಾಕಿಕೊಳ್ಳುವ ಪದ್ಧತಿ ಇಲ್ಲ. ಬಟ್ಟೆಯ ಎಳೆ ಎಣಿಸಿ ಸೂಜಿ ಚುಚ್ಚಬೇಕು. ಗಂಟು ಹಾಕುವ ಹಾಗಿಲ್ಲ. ಗವಂತಿ, ಮುರ್ಗಿ, ನೇಗಿ, ಮೆಂತೆ ಅಂತ ನಾಲ್ಕು ಹೊಲಿಗೆ. ಗವಂತಿಯಲ್ಲಿ ಹೋಗುವಾಗ ಒಂದು ಬಿಟ್ಟು ಒಂದು ತುಂಬುತ್ತಾ ಹೋಗಿ, ಬರುವಾಗ ಬಿಟ್ಟ ಜಾಗ ತುಂಬುತ್ತಾ ವಾಪಸ್ ಬರಬೇಕು. ಸರಿಯಾಗಿ ಬಂದರೆ ಬಟ್ಟೆಯ ಮೇಲ್ಮೈ ಯಾವುದು, ಒಳಮೈ ಯಾವುದು ಹೇಳೋಕೆ ಬರಲ್ಲ. ನಾವು ಎಂಜಿನಿಯರಿಂಗ್‌ನಲ್ಲಿ ಗ್ರಾಫ್ ಥಿಯರಿ ಅಂತ ಒಂದು ಸೆಮಿಸ್ಟರ್ ಒದ್ದಾಡಿದ್ದನ್ನು ಚಿಗವ್ವ ಟಿವಿ ನೋಡುತ್ತಾ ಮಾಡ್ತಾಳೆ. ಗೋಪುರ, ತೇರು, ತುಳಸಿಕಟ್ಟೆ, ಅಂಬಾರಿ ಹೊತ್ತ ಆನೆ, ನವಿಲು, ಎಲ್ಲ ಎಣಿಕೆಯಿಂದಲೇ ಬರೋದು.

“ಒಂದ್ ಎಳಿ ತಪ್ಪಿದ್ರ?” ಅಂತ ಕೇಳಿದ್ದೆ.

“ಬಿಚ್ಚೂದು, ಮತ್ತ ಹಾಕೂದು. ಇನ್ನೇನ್ ಮಾಡ್ತಿ?” ಅಂದಳು.

ಹಿಂದೆ ಮದುಮಗಳಿಗೆ ಚಂದ್ರಕಾಳಿ ಸೀರೆಯ ಮೇಲೆ, ಕುಬಸದ ಮೇಲೆ ಕಸೂತಿ ಹಾಕಿ ಕೊಡುತ್ತಿದ್ದರು. ಯಾಕೆ? ಮಗಳು ಬೇರೆ ಮನೆಗೆ ಹೋಗ್ತಾಳೆ. ಅವ್ವ ಜೊತೆಗೆ ಹೋಗೋಕಾಗಲ್ಲ. ಬಂಗಾರ ಕೊಡಬಹುದು, ಆದರೆ ಬಂಗಾರ ಕಷ್ಟಕಾಲದಲ್ಲಿ ಅಡವಿಗೆ ಹೋಗುತ್ತೆ. ಕಸೂತಿಯನ್ನು ಯಾರೂ ಅಡವಿಡಲ್ಲ. ಅದರಲ್ಲಿರುವುದು ಅವ್ವನ ತಿಂಗಳುಗಟ್ಟಲೆಯ ಮಧ್ಯಾಹ್ನಗಳು. “ನಿನಗೋಸ್ಕರ ನಾನು ಇಷ್ಟು ಹೊತ್ತು ಕೂತಿದ್ದೆ” ಅನ್ನೋದನ್ನು ಬಾಯಿಬಿಟ್ಟು ಹೇಳಿದರೆ ನಾಟಕೀಯ ಅನ್ನಿಸುತ್ತೆ, ಬಟ್ಟೆಯ ಮೇಲೆ ಹೇಳಿದರೆ ಅನ್ನಿಸಲ್ಲ.

ಈಗ ಮಷೀನ್ ಕಸೂತಿ ಬಂದಿದೆ, ಕಸೂತಿ ಪ್ರಿಂಟೂ ಬಂದಿದೆ. ಮೊಬೈಲಿನಲ್ಲಿ ಎಐಗೆ ಹೇಳಿದರೆ ಅರ್ಧ ನಿಮಿಷದಲ್ಲಿ ಹತ್ತು ಡಿಸೈನ್ ಬರುತ್ತೆ. ನಾನು ದಿನವಿಡೀ ಕೆಲಸ ಮಾಡೋದೇ ಇಂಥ ಟೂಲುಗಳ ಜೊತೆ, ಅವುಗಳ ಮೇಲೆ ನನಗೆ ದ್ವೇಷ ಇಲ್ಲ. ಸೀರೆ ಉಡೋಕೆ ಚೆನ್ನಾಗಿದ್ದರೆ ಮಷೀನಿಂದಾದರೂ ಸರಿ. ಆದರೆ ಅವ್ವ ಕೊಟ್ಟದ್ದು ಡಿಸೈನ್ ಅಲ್ಲ, ಹೊತ್ತು. ಹೊತ್ತನ್ನು ಉಳಿಸುವುದಕ್ಕೆಂದೇ ಮಾಡಿದ ಮಷೀನು ಹೊತ್ತನ್ನು ಹೇಗೆ ಕೊಡುತ್ತೆ?

ಇಲ್ಲಿ ಇನ್ನೊಂದು ಮಾತೂ ಹೇಳಲೇಬೇಕು. ಹೆಣ್ಣುಮಕ್ಕಳ ಹೊತ್ತಿಗೆ ಬೆಲೆಯೇ ಇಲ್ಲ ಅಂದುಕೊಂಡೇ ನಾವು ಇಷ್ಟು ದಿನ ಇದನ್ನೆಲ್ಲ “ಸಂಪ್ರದಾಯ” ಅಂತ ಹೊಗಳಿದ್ದೂ ನಿಜ. ಕೈಕಸೂತಿ ಹಾಕಿ ಬದುಕುವ ಹೆಂಗಸರಿಗೆ ಸಿಗುವ ಮಜೂರಿ ಅವರ ಕಣ್ಣಿಗೂ ಬೆನ್ನಿಗೂ ಆಗುವ ಸವೆತಕ್ಕೆ ಸಾಲಲ್ಲ. ಮೇಳದಲ್ಲಿ ಸೀರೆಯ ಬೆಲೆ ಕೇಳಿ “ಇಷ್ಟಾ? ಸ್ವಲ್ಪ ಕಡಿಮೆ ಮಾಡ್ಕೊಳ್ಳಿ” ಅನ್ನುವವರು, ಅದೇ ದಿನ ಸಂಜೆ ಮಾಲಿನಲ್ಲಿ ಬ್ರ್ಯಾಂಡೆಡ್ ಶರ್ಟಿನ ಟ್ಯಾಗ್ ನೋಡಿ ಚಕಾರ ಎತ್ತಲ್ಲ. ಕಲೆ ಬೇಕು ಅಂದರೆ ಕೂಲಿಯೂ ಕೊಡಬೇಕು. ಇದು ಬರೀ ಭಾವನೆಯ ವಿಷಯವಲ್ಲ.

ರಾತ್ರಿಗೆ ಬದಲು ರಾತ್ರಿ

ಮೂರನೆಯದು ನಮ್ಮ ಆಫೀಸಿನ ಊಟದ ಟೇಬಲ್ಲಿನಲ್ಲಿ ಶುರುವಾದದ್ದು.

ನನ್ನ ಟೀಮಿನಲ್ಲಿ ಮೂಡುಬಿದಿರೆ ಕಡೆಯ ಒಬ್ಬ ಹುಡುಗ ಇದ್ದಾನೆ. ಒಂದು ದಿನ ರಜೆ ಕೇಳಿದ. “ಮನೇಲಿ ಆಟ ಉಂಟು” ಅಂದ. ಆಟ ಅಂದರೆ ಯಕ್ಷಗಾನ. ಗೊತ್ತಿಲ್ಲದವರಿಗೆ ಹೇಳ್ತೀನಿ: ಕರಾವಳಿಯಲ್ಲಿ ಕಟೀಲು, ಮಂದಾರ್ತಿಯಂಥ ದೇವಸ್ಥಾನಗಳಿಗೆ ತಮ್ಮದೇ ಯಕ್ಷಗಾನ ಮೇಳಗಳಿವೆ. ಕಟೀಲಿನದು ತೆಂಕುತಿಟ್ಟು, ಮಂದಾರ್ತಿಯದು ಬಡಗುತಿಟ್ಟು. ಮಳೆಗಾಲ ಕಳೆದ ಮೇಲೆ ಮೇಳ ತಿರುಗಾಟಕ್ಕೆ ಹೊರಟರೆ ಮೇ ತಿಂಗಳ ಹೊತ್ತಿಗೆ ಪತ್ತನಾಜೆಯವರೆಗೂ ದಿನಕ್ಕೊಂದು ಊರು. ಇವು ಹೆಚ್ಚಾಗಿ ಹರಕೆಯ ಆಟಗಳು. ಯಾರೋ ಒಬ್ಬರು ಕಷ್ಟದಲ್ಲಿ “ಇದು ಸರಿಹೋದರೆ ಒಂದು ಆಟ ಆಡಿಸ್ತೇನೆ” ಅಂತ ದೇವರಿಗೆ ಹೇಳಿಕೊಂಡಿರ್ತಾರೆ. ಖರ್ಚು ಅವರದು. ನೋಡೋಕೆ ಟಿಕೆಟ್ ಇಲ್ಲ, ಯಾರು ಬೇಕಾದರೂ ಬಂದು ಕೂರಬಹುದು. ಹರಕೆ ಹೊತ್ತವರು ಎಷ್ಟು ಜನ ಅಂದರೆ, ದೊಡ್ಡ ಮೇಳಗಳಲ್ಲಿ ಸರದಿಗೆ ವರ್ಷಗಟ್ಟಲೆ ಕಾಯಬೇಕು.

ಖರ್ಚಿನ ಅಂದಾಜು ಕೇಳಿ ಟೇಬಲ್ಲಿನಲ್ಲಿ ಒಬ್ಬ ಹುಬ್ಬೇರಿಸಿದ. “ಒಂದು ರಾತ್ರಿಗೆ ಇಷ್ಟಾ? ಎಸ್ಐಪಿ ಹಾಕಿದ್ರೆ ಎಷ್ಟಾಗ್ತಿತ್ತು ಗೊತ್ತಾ?” ಇನ್ನೊಬ್ಬಳು, “ಯಾವುದಾದ್ರೂ ಸ್ಕೂಲಿಗೆ ಕೊಟ್ಟಿದ್ರೆ ಒಳ್ಳೇದಾಗ್ತಿತ್ತು” ಅಂದಳು. ಎರಡೂ ಸುಮ್ಮನೆ ತಳ್ಳಿಹಾಕುವ ಮಾತಲ್ಲ.

ಅವನು ಸಿಟ್ಟಾಗಲಿಲ್ಲ. “ನಾನೂ ಅಮ್ಮನ ಹತ್ರ ಇದನ್ನೇ ಕೇಳಿದ್ದು ಮಾರಾಯ” ಅಂದ. ಅವನು ನಾಲ್ಕು ವರ್ಷದವನಿದ್ದಾಗ ಜ್ವರ ತಲೆಗೇರಿ ಆಸ್ಪತ್ರೆ ಸೇರಿದ್ದನಂತೆ. ಆಗ ಹೊತ್ತ ಹರಕೆ. ಅಪ್ಪ ಹೋಗಿ ಹೆಸರು ಬರೆಸಿ ಬಂದರು. ಸರದಿ ಬರುವ ಮೊದಲೇ ಅಪ್ಪ ತೀರಿಕೊಂಡರು. ಈಗ ಅಮ್ಮ ಹೇಳಿದ್ದು ಹೀಗಂತೆ:

“ಡಾಕ್ಟ್ರಿಗೆ ಫೀಸು ಕೊಟ್ಟಾಗಿದೆ. ದೇವರಿಗೆ ಕಾಣಿಕೆ ಹಾಕಿಯಾಗಿದೆ. ಆದ್ರೆ ಅವತ್ತು ರಾತ್ರಿಯಿಡೀ ನನ್ನೊಟ್ಟಿಗೆ ನಿದ್ದೆಗೆಟ್ಟು ಕೂತದ್ದು ಊರಿನವರು. ಗಾಡಿ ತಂದವರು, ಗಂಜಿ ತಂದವರು, ಸುಮ್ಮನೆ ಬಂದು ಕೂತವರು. ಅವರಿಗೆ ಎಂಥ ಫೀಸು ಕೊಡ್ಲಿಕ್ಕಾಗ್ತದೆ? ಒಂದು ರಾತ್ರಿ ಎಲ್ಲರನ್ನೂ ಕೂರಿಸಿ ಆಟ ತೋರಿಸ್ಬೇಕು. ಅಷ್ಟೇ ನಂಗೆ ಗೊತ್ತಿರೋದು.”

ಟೇಬಲ್ಲಿನಲ್ಲಿ ಎಸ್ಐಪಿ ಮಾತು ಅಲ್ಲಿಗೇ ನಿಂತಿತು.

ಆ ಆಟಕ್ಕೆ ನಾವು ಮೂವರು ಬೆಂಗಳೂರಿನಿಂದ ಹೋದೆವು. ಗದ್ದೆಯಲ್ಲಿ ರಂಗಸ್ಥಳ, ಸುತ್ತ ಪ್ಲಾಸ್ಟಿಕ್ ಕುರ್ಚಿ, ಅಂಚಿನಲ್ಲಿ ಚರುಮುರಿ ಗಾಡಿ. ಚೌಕಿಯಲ್ಲಿ ವೇಷಧಾರಿಗಳು ನೆಲದ ಮೇಲೆ ಕೂತು, ಕನ್ನಡಿ ಹಿಡಿದು ತಾವೇ ಬಣ್ಣ ಬಳಿದುಕೊಳ್ಳುತ್ತಿದ್ದರು. ಪ್ರಸಂಗ ‘ದೇವಿ ಮಹಾತ್ಮೆ’. ನಾನು ಹುಬ್ಬಳ್ಳಿ ಕಡೆಯವನು, ಭಾಗವತರ ಪದಗಳಲ್ಲಿ ಅರ್ಧ ನನಗೆ ಹಿಡಿಯಲಿಲ್ಲ. ಆದರೆ ನಡುರಾತ್ರಿ ಚೆಂಡೆ ಏರಿ, ಮಹಿಷಾಸುರ ದೊಂದಿಯ ಬೆಳಕಿನಲ್ಲಿ ಜನರ ನಡುವಿನಿಂದಲೇ ಅಬ್ಬರಿಸುತ್ತಾ ಬಂದಾಗ ಮಲಗಿದ್ದ ಮಕ್ಕಳೆಲ್ಲ ಎದ್ದು ಅಮ್ಮಂದಿರ ಸೆರಗು ಹಿಡಿದವು. ನನ್ನ ಪಕ್ಕದಲ್ಲಿದ್ದ ಅಜ್ಜ ಎಷ್ಟು ಸಲ ನೋಡಿದ್ದರೋ, ಕುರ್ಚಿಯ ತುದಿಗೆ ಬಂದಿದ್ದರು.

ಮತ್ತೆ ಮತ್ತೆ ನನ್ನ ಕಣ್ಣು ಹೋದದ್ದು ಗೆಳೆಯನ ಅಮ್ಮನ ಕಡೆಗೆ. ಅವರು ಆಟ ನೋಡಿದ್ದು ಕಡಿಮೆ, ಕೂತವರನ್ನು ನೋಡಿದ್ದೇ ಹೆಚ್ಚು. ಯಾರು ಬಂದರು, ಯಾರಿಗೆ ಚಾ ಸಿಕ್ಕಿಲ್ಲ, ಯಾರು ಹಿಂದೆ ನಿಂತಿದ್ದಾರೆ. ಸಾಲು ಸಾಲಾಗಿ ಎಣಿಸುತ್ತಿದ್ದಾರೇನೋ ಅನ್ನೋ ಹಾಗೆ. ಬೆಳಗಿನ ಜಾವ ಮಂಗಳ ಹಾಡಿದಾಗ ಅವರು ಕುರ್ಚಿಯಿಂದ ಎದ್ದ ರೀತಿ ಇದೆಯಲ್ಲ, ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಹೊತ್ತಿದ್ದನ್ನು ಇಳಿಸಿದವರ ಹಾಗಿತ್ತು. ಊರಿನವರು ಅವರಿಗಾಗಿ ಒಂದು ರಾತ್ರಿ ಎಚ್ಚರ ಇದ್ದರು, ಅವರು ಊರಿಗಾಗಿ ಒಂದು ರಾತ್ರಿ ಎಚ್ಚರ ಇಟ್ಟರು. ಶಾಲೆಗೆ ದುಡ್ಡು ಕೊಡುವುದು ಒಳ್ಳೆಯದೇ, ಆದರೆ ಈ ಲೆಕ್ಕ ಅದರಿಂದ ಚುಕ್ತಾ ಆಗ್ತಿರಲಿಲ್ಲ.

ಇದರ ಇನ್ನೊಂದು ಮುಖವನ್ನೂ ನೆನಪಿಡಬೇಕು. 2020ರ ಮಾರ್ಚಿನಲ್ಲಿ ಲಾಕ್‌ಡೌನ್ ಬಂದು ತಿರುಗಾಟಗಳು ಅರ್ಧಕ್ಕೇ ನಿಂತಾಗ, ಸೀಸನ್ನಿನ ದುಡಿಮೆಯನ್ನೇ ನಂಬಿದ್ದ ಕಲಾವಿದರ ಮನೆಗಳಲ್ಲಿ ಒಲೆ ಉರಿಯುವುದೇ ಕಷ್ಟವಾಗಿತ್ತು. ನಮಗೆ ವರ್ಕ್ ಫ್ರಮ್ ಹೋಮ್ ಇತ್ತು. ಚೆಂಡೆ ಬಾರಿಸುವವರಿಗೆ, ವೇಷ ಕಟ್ಟುವವರಿಗೆ ಅದು ಇರಲಿಲ್ಲ. ಊರಿನ ಹರಕೆಯೇ ಅವರ ಪೇಸ್ಲಿಪ್.

“ಅದೆಲ್ಲ ಸಂಪ್ರದಾಯ, ಇದು ಬೇರೆ” ಅಂತೀರಾ?

ಇಷ್ಟು ಓದಿದ ಮೇಲೆ ನೀವು ಕೇಳಬಹುದು: ರಂಗೋಲಿ, ಕಸೂತಿ, ಹರಕೆ ಆಟ ಎಲ್ಲ ಸರಿ, ಅವು ದೇವರು-ಹಬ್ಬ-ಮದುವೆಯ ಜೊತೆ ಹುಟ್ಟಿನಿಂದ ಬಂದವು. ಶೇಕ್ಸ್‌ಪಿಯರ್, ಜಗತ್ತಿನ ಸಿನಿಮಾ, ಗ್ಯಾಲರಿ ಚಿತ್ರ, ಇವು ನಿಜಕ್ಕೂ ತಿಳಿದವರಿಗೆ ಮಾತ್ರ ಅಲ್ವಾ?

ಅದಕ್ಕೆ ಉತ್ತರ ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿದೆ. 1949ರಲ್ಲಿ ಅಲ್ಲಿ ಒಂದು ಹವ್ಯಾಸಿ ನಾಟಕ ಸಂಘ ಹುಟ್ಟಿತು. ಶ್ರೀ ನೀಲಕಂಠೇಶ್ವರ ನಾಟ್ಯಸೇವಾ ಸಂಘ, ಮುಂದೆ ಚಿಕ್ಕದಾಗಿ ನೀನಾಸಂ. ಸುತ್ತ ಅಡಿಕೆ ತೋಟ, ಗದ್ದೆ, ಮಳೆ. ತೋಟದ ಕೆಲಸ ಮುಗಿಸಿ ಬಂದವರೇ ನಟರು, ಅವರ ನೆಂಟರಿಷ್ಟರೇ ಪ್ರೇಕ್ಷಕರು. ಅಡಿಕೆ ಬೆಳೆಗಾರರೇ ಆಗಿದ್ದ ಕೆ.ವಿ. ಸುಬ್ಬಣ್ಣ ಇದನ್ನು ಬೆಳೆಸಿದರು. 1972ರಲ್ಲಿ ಶಿವರಾಮ ಕಾರಂತರ ಹೆಸರಿನ ರಂಗಮಂದಿರ ಬಂತು. ಮರುವರ್ಷವೇ ಫಿಲ್ಮ್ ಸೊಸೈಟಿ, 1980ರಲ್ಲಿ ರಂಗಶಿಕ್ಷಣ ಕೇಂದ್ರ, 1985ರಲ್ಲಿ ತಿರುಗಾಟ. ‘ತಿರುಗಾಟ’ ಅನ್ನುವ ಹೆಸರನ್ನೇ ನೋಡಿ, ಯಕ್ಷಗಾನ ಮೇಳದವರ ಮಾತು. ನಾಟಕ ಕಟ್ಟಿಕೊಂಡು ಕರ್ನಾಟಕದ ಸಣ್ಣ ಸಣ್ಣ ಊರುಗಳಿಗೂ ಹೋಗುವುದು. ಕಾಳಿದಾಸ, ಶೇಕ್ಸ್‌ಪಿಯರ್, ಬ್ರೆಕ್ಟ್, ಎಲ್ಲರೂ ಲಗೇಜಿನ ಜೊತೆ ಲಾರಿ ಹತ್ತಿದರು. 1991ರಲ್ಲಿ ಸುಬ್ಬಣ್ಣ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು.

ಆ ಪ್ರೇಕ್ಷಕರು ಮೊದಲು ನಾಟಕ ಅರ್ಥ ಮಾಡಿಕೊಳ್ಳುವ ಕೋರ್ಸ್ ಮಾಡಿ ಆಮೇಲೆ ಬಂದು ಕೂತದ್ದಲ್ಲ. ಬಂದು ಕೂತರು. ಮುಂದಿನ ವರ್ಷ ಮತ್ತೆ ಕೂತರು. ಪಕ್ಕದ ಮನೆಯವನು ರಾಜನ ಪಾತ್ರ ಮಾಡ್ತಾನೆ ಅಂತ ಕೂತರು. ಹಿಡಿಸದಿದ್ದಾಗ ಎದ್ದು ಹೋದರು, ಹಿಡಿಸಿದಾಗ ವಾರಗಟ್ಟಲೆ ಮಾತಾಡಿದರು. ಹೀಗೆ ನೋಡಿ ನೋಡಿ ಕಣ್ಣು ಪಳಗಿತು. ಕ್ರಿಕೆಟ್ಟನ್ನು ನಾವು ಕಲಿತದ್ದೂ ಹೀಗೇ ಅಲ್ವಾ? ಎಲ್‌ಬಿಡಬ್ಲ್ಯೂ ನಿಯಮ ಓದಿಕೊಂಡು ಯಾರೂ ಮ್ಯಾಚ್ ನೋಡೋಕೆ ಶುರು ಮಾಡಲ್ಲ. ಅಪ್ಪನ ಪಕ್ಕ ಕೂತು, ಅಪ್ಪ ಕೂಗಿದಾಗ ಕೂಗುತ್ತಾ ಕಲೀತೀವಿ.

ಅಂದರೆ “ಅರ್ಥ” ಅನ್ನೋದು ಬಾಗಿಲಲ್ಲಿ ತೋರಿಸಬೇಕಾದ ಐಡಿ ಕಾರ್ಡ್ ಅಲ್ಲ. ಒಳಗೆ ಬಂದು, ಕೂತು, ನಾಲ್ಕು ಜನರ ಜೊತೆ ಇದ್ದ ಮೇಲೆ ನಿಧಾನಕ್ಕೆ ಬರುವಂಥದ್ದು. ಬರದಿದ್ದರೂ ಕೂತದ್ದು ವ್ಯರ್ಥ ಅಲ್ಲ. ಹರಕೆ ಆಟದ ಗದ್ದೆಯಲ್ಲಿ ಕೂತಿದ್ದ ನನ್ನಂಥವನ ಲೆಕ್ಕವೂ ಆ ಅಮ್ಮನ ಎಣಿಕೆಯಲ್ಲಿ ಸೇರಿತ್ತು.

ನಮ್ಮ ಪಾಲಿಗೆ ಉಳಿದದ್ದು

ಮನುಷ್ಯರ ಇತಿಹಾಸದಲ್ಲಿ ನಮ್ಮಷ್ಟು ಹಾಡು, ಕುಣಿತ, ಚಿತ್ರ, ಕಥೆ ನೋಡಿದ ತಲೆಮಾರು ಬಹುಶಃ ಇನ್ನೊಂದಿಲ್ಲ. ಮೆಟ್ರೋದಲ್ಲಿ ನಿಂತ ಇಪ್ಪತ್ತು ನಿಮಿಷದಲ್ಲಿ ಒಬ್ಬ ರಾಜ ಇಡೀ ವರ್ಷ ನೋಡದಷ್ಟು ಕಲೆ ನಮ್ಮ ಹೆಬ್ಬೆರಳಿನ ಕೆಳಗೆ ಜಾರಿ ಹೋಗುತ್ತೆ. ನನಗೂ ರೀಲ್ಸ್ ಇಷ್ಟ. ಅದರಿಂದ ಎಷ್ಟೋ ಒಳ್ಳೆಯ ಕಲಾವಿದರು ಗೊತ್ತಾಗಿದ್ದಾರೆ. ನೋಡುವುದಕ್ಕೆ ನಮಗೆ ಬರ ಇಲ್ಲ.

ಬರ ಇರುವುದು ಬಳಸುವುದಕ್ಕೆ. ಆ ಸಂದರ್ಭಗಳು ಎಲ್ಲೂ ಹೋಗಿಲ್ಲ. ಪಕ್ಕದ ಮನೆಯಲ್ಲಿ ಸಾವಾಗುತ್ತೆ. ತಂಗಿ ಮದುವೆಯಾಗಿ ಬೇರೆ ದೇಶಕ್ಕೆ ಹೋಗ್ತಾಳೆ. ಯಾರೋ ನಮಗೋಸ್ಕರ ರಾತ್ರಿ ನಿದ್ದೆಗೆಟ್ಟಿರ್ತಾರೆ. ಹತ್ತು ವರ್ಷ ಜೊತೆಗಿದ್ದ ಸಹೋದ್ಯೋಗಿಯನ್ನು ಕಂಪನಿ ಒಂದು ಮೇಲ್‌ನಲ್ಲಿ ಕಳಿಸುತ್ತೆ. ಇವಕ್ಕೆ ನಮ್ಮ ಹತ್ತಿರ ಈಗ ಇರೋದು ಕೈಮುಗಿದ ಇಮೋಜಿ, ಗಿಫ್ಟ್ ಕಾರ್ಡ್, “ಕೀಪ್ ಇನ್ ಟಚ್”. ಕಳಿಸಿದ ಮೇಲೆ ಏನೋ ಸಾಲದು ಅನ್ನಿಸುತ್ತಲ್ಲ, ಆ ಸಾಲದ ಜಾಗದಲ್ಲಿ ಹಿಂದಿನವರು ಹಾಡು, ಎಳೆ, ಆಟ ಇಟ್ಟುಕೊಂಡಿದ್ದರು. ಅವರಿಗೆ ನಮಗಿಂತ ಹೆಚ್ಚು ಬಿಡುವಿತ್ತು ಅಂತಲ್ಲ. ಗದ್ದೆ ಕೆಲಸ, ನೀರು ಹೊರುವುದು, ಹತ್ತು ಜನಕ್ಕೆ ರೊಟ್ಟಿ ಬಡಿಯುವುದು ಎಲ್ಲ ಇತ್ತು. ಆದರೂ ಇದಕ್ಕೆ ಹೊತ್ತು ಕೊಟ್ಟರು ಅಂದರೆ, ಇದು ಅವರಿಗೆ ಅಲಂಕಾರ ಆಗಿರಲಿಲ್ಲ, ಅಗತ್ಯ ಆಗಿತ್ತು.

ಹಳ್ಳಿಗೆ ವಾಪಸ್ ಹೋಗೋಣ ಅಂತ ನಾನು ಹೇಳ್ತಿಲ್ಲ. ಎಲ್ಲರೂ ಕಸೂತಿ ಕಲೀಬೇಕು ಅಂತಲೂ ಅಲ್ಲ. ಮಾಡಬಹುದಾದದ್ದು ಸಣ್ಣ ಸಣ್ಣವು. ಊರಿಗೆ ಹೋದಾಗ ಮನೆಯ ಹಿರಿಯರ ಹತ್ತಿರ ಅವರಿಗೆ ಬರುವ ಒಂದೇ ಒಂದನ್ನು ಕೇಳಿ ಕಲಿಯಬಹುದು. ಸೋಬಾನೆ ಪದವೋ, ಭಜನೆಯೋ, ಒಂದು ರಂಗೋಲಿಯ ಎಳೆಯೋ, ಏನಾದರೂ ಸರಿ. ಬರೀ ವಿಡಿಯೋ ಮಾಡಿಟ್ಟುಕೊಂಡರೆ ಸಾಲದು, ನಿಮ್ಮ ಬಾಯಿಗೆ, ನಿಮ್ಮ ಕೈಗೆ ಬರಬೇಕು. ಊರಿಗೆ ತಿರುಗಾಟ ಬಂದರೆ ಮನೆಯವರನ್ನೂ ಕರೆದುಕೊಂಡು ಟಿಕೆಟ್ ತೆಗೆದುಕೊಂಡು ಹೋಗಬಹುದು. ಕೈಕೆಲಸದ ವಸ್ತುವಿಗೆ ಹೇಳಿದ ಬೆಲೆ ಕೊಡಬಹುದು. ಟೀಮಿನಿಂದ ಒಬ್ಬರು ಹೋಗುವಾಗ ಕೇಕ್ ಜೊತೆಗೆ ಯಾರಾದರೂ ಒಂದು ಹಾಡು ಹೇಳಬಹುದು. ಶ್ರುತಿ ತಪ್ಪಿದರೆ ತಪ್ಪಲಿ. ಶ್ರುತಿ ತಪ್ಪಿದ ಹಾಡನ್ನು ಜನ ವರ್ಷಗಟ್ಟಲೆ ನೆನಪಿಟ್ಟುಕೊಳ್ತಾರೆ, ಯಾಕೆಂದರೆ ಅದು ಅವರಿಗೋಸ್ಕರವೇ ಹಾಡಿದ್ದು.

ಅಪಾರ್ಟ್‌ಮೆಂಟಿನ ಬಾಗಿಲ ಮುಂದೆ ನೀರು ಹಾಕೋಕಾಗಲ್ಲ, ನಿಜ. ಒಂದು ಅಗಲವಾದ ಹಲಗೆ ಸಾಕು. ಸಂಜೆ ಒರೆಸಿ ಗೋಡೆಗೆ ಒರಗಿಸಿಡಬಹುದು. ಮೊದಲ ವಾರ ಸೊಟ್ಟ ಬರುತ್ತೆ. ಚುಕ್ಕಿ ಲೆಕ್ಕ ತಪ್ಪುತ್ತೆ. ಲಿಫ್ಟಿಗೆ ಕಾಯುವ ಯಾರೋ ಆಂಟಿ ನಿಂತು “ಅದು ಹಾಗಲ್ಲಮ್ಮ, ಈ ಎಳೆ ಈ ಕಡೆಯಿಂದ ಬರಬೇಕು” ಅಂತ ಬಗ್ಗಿ ತಿದ್ದುತ್ತಾರೆ. ಅವತ್ತಿನಿಂದ ಒಂದು ದಿನ ನಿಮ್ಮ ಹಲಗೆ ಖಾಲಿ ಇದ್ದರೆ, ಆ ಮಹಡಿಯಲ್ಲಿ ಒಬ್ಬರಾದರೂ ಬೆಲ್ ಒತ್ತಿ ಕೇಳ್ತಾರೆ: “ಯಾಕಮ್ಮ, ಇವತ್ತು ಹಾಕಿಲ್ಲ? ಮನೇಲಿ ಎಲ್ಲ ಆರಾಮಾ?”